ಸತ್ತರೂ ಸಾಯದ ಅಣ್ಣತಮ್ಮ

2005ರಿಂದ 2020ರವರೆಗೆ ಓಡಿದ ಅಮೆರಿಕದ ಧಾರಾವಾಹಿ 'ಸೂಪರ್‌ನ್ಯಾಚುರಲ್'. 327 ಕಂತು. ಅಷ್ಟರಲ್ಲಿ ಡೀನ್, ಸ್ಯಾಮ್ ಅಣ್ಣತಮ್ಮಂದಿರು ಎಷ್ಟು ಸಲ ಸತ್ತೆದ್ದರೋ, ಚಿತ್ರಗುಪ್ತನೇ ಲೆಕ್ಕ ಬಿಟ್ಟಿರಬೇಕು! ಮೂರನೇ ಸೀಸನ್ನಿನಲ್ಲಿ ಒಂದೇ ಮಂಗಳವಾರ ಮತ್ತೆ ಮತ್ತೆ ಬರುತ್ತದೆ. ಡೀನ್ ಒಮ್ಮೆ ಗುಂಡೇಟಿಗೆ, ಒಮ್ಮೆ ಬಚ್ಚಲಲ್ಲಿ ಜಾರಿ, ಇನ್ನೊಮ್ಮೆ ಗಂಟಲಲ್ಲಿ ಸಾಸೇಜ್ ಸಿಕ್ಕಿ ಸಾಯುತ್ತಾನೆ. ನಾನು ಬಿದ್ದು ಬಿದ್ದು ನಕ್ಕೆ, ಪಾಪ.

ನನ್ನ ಥಿಯರಿ ಕೇಳಿ: ದೇವರು, ದೆವ್ವ ಎಲ್ಲ ನೆಪ. ನಿಜವಾದ ಹೀರೋ ಅವರ 1967ರ ಇಂಪಾಲಾ ಕಾರು. ಇಲ್ಲದಿದ್ದರೆ ಹನ್ನೊಂದನೇ ಸೀಸನ್ನಿನಲ್ಲಿ ಒಂದಿಡೀ ಕಂತನ್ನು ಕಾರಿನೊಳಗಿಂದಲೇ ತೋರಿಸುತ್ತಿದ್ದರೇ?

ಅಮ್ಮನ ಥಿಯರಿ ಬೇರೆ. ದೆವ್ವ ಬಾರದಂತೆ ಹೊಸ್ತಿಲಿಗೆ ಉಪ್ಪು ಸುರಿಯುವುದನ್ನು ನೋಡಿ, "ಮೆಣಸಿನಕಾಯಿ ಇಲ್ಲದೆ ಬರೀ ಉಪ್ಪಾ? ಅದಕ್ಕೇ ಕಣೋ ವಾರಕ್ಕೊಂದು ದೆವ್ವ ಬರೋದು!" ಅಂದರು.