ಮನೆಯಂಗಳದಲ್ಲಿ ಶಾಕಪ್, ಬುಶ್ ಬದಲಿಸುವ ಕೈಪಿಡಿ

ಅನ್ವಯ: ಮಾರುತಿ 800 ಮತ್ತು ಅದರ ವಾರಿಗೆಯ ಕಾರುಗಳು. 800ರ ತಯಾರಿಕೆ 2014ರಲ್ಲೇ ನಿಂತಿದೆ. ನಿಮ್ಮದು 1997ಕ್ಕೂ ಮೊದಲಿನದಾದರೆ ಅದು ಹಾವೇರಿ ಜಿಲ್ಲೆಗಿಂತ ಹಿರಿಯದು. ತಗ್ಗಿಗೆ ಬಿದ್ದಾಗ ಗೊಣಗುವ ಹಕ್ಕು ಅದಕ್ಕಿದೆ.

ರೋಗಕಾರಣ: ಹೆದ್ದಾರಿ 48ರಲ್ಲಿ ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವಾಗ ಎಲ್ಲ ಕಾರೂ ಗಟ್ಟಿಮುಟ್ಟೇ. ಮೋಟೆಬೆನ್ನೂರಲ್ಲಿ ಬ್ಯಾಡಗಿ ಕಡೆ ತಿರುಗಿ, ಹೊಲದ ದಾರಿ ಹಿಡಿದಾಗ ಬಂಡವಾಳ ಬಯಲಾಗುತ್ತದೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ತಾಳಕ್ಕೆ ಡಾಂಬರು ಕುಣಿಯುತ್ತದೆ, ಡಾಂಬರಿನ ತಾಳಕ್ಕೆ ನಿಮ್ಮ ಬುಶ್.

ಮುಹೂರ್ತ: ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಿನ ಬೇಡ. ಅರ್ಧ ಓಣಿ ನಿಮ್ಮ ಕಾರನ್ನೇ ನಂಬಿಕೊಂಡಿರುತ್ತದೆ.

ಹಂತ 1. ಬಾನೆಟ್ಟಿನ ಒಂದು ಮೂಲೆಯನ್ನು ಅದುಮಿ ಬಿಡಿ. ಎದ್ದು ನಿಂತರೆ ಸರಿ. ಎರಡು-ಮೂರು ಸಲ ತೂಗಾಡಿದರೆ ಶಾಕಪ್ ಹೋಗಿದೆ. ಸುತ್ತ ಎಣ್ಣೆ ಜಿನುಗಿದ್ದರೆ ಅನುಮಾನವೇ ಬೇಡ. ಎಡಬಲ ಎರಡನ್ನೂ ಬದಲಿಸಿ. ಒಂದಕ್ಕೇ ಹೊಸದು ಹಾಕಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ.

ಹಂತ 2. ಜ್ಯಾಕ್ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಗಟ್ಟಿ ಸ್ಟ್ಯಾಂಡ್ ಕೊಡಿ, ಕಳಚಿದ ಗಾಲಿಯನ್ನೂ ಬಾಗಿಲ ಕೆಳಗೆ ಸರಿಸಿಡಿ. ಈ ಹೊತ್ತಿಗೆ ಓಣಿಯ ಸಲಹೆಗಾರರು ಸೇರಿರುತ್ತಾರೆ. "ಏನ್ರೀ, ಶಾಕಪ್ ಹೋಗ್ಯಾವೇನು?" ಎಂದರೆ ಹೂಂ ಎನ್ನಿ. ಬುಶ್ ಎಂದಿರೋ, ಚಹಾ ಆರುವವರೆಗೂ ಚರ್ಚೆ.

ಹಂತ 3. ಅಡಿಯಲ್ಲಿ ಮಲಗಿ ಲೋವರ್ ಆರ್ಮ್ ಬೋಲ್ಟ್ ಸಡಿಲಿಸಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅಡುಗೆಮನೆಯ ಮಾತು. ವರ್ಷಗಟ್ಟಲೆ ಚೀಲ ಹೊತ್ತ ಕಾರಿನ ಸಂದಿಯಿಂದ ಕೆಂಪು ಧೂಳು ಮೂಗಿಗೆ ಉದುರಿದಾಗ ಆ ಮಾತನ್ನು ನಂಬಬೇಡಿ. ಸೀನು ಬಂದರೆ ತಲೆ ಎತ್ತದೆ ಸೀನಿ. ಹೊಸ ಬುಶ್ ಕೂರಿಸಲು ಸೋಪಿನ ನೀರು ಸಾಕು. "ಗ್ರೀಸ್ ಹಚ್ರಿ, ಸರ್ ಅಂತ ಹೋಗತೈತಿ" ಎಂಬ ಓಣಿಯ ಕಾಕಾ ಒಬ್ಬರ ಮಾತಿಗೆ ತಲೆದೂಗಿ, ಆದರೆ ಹಚ್ಚಬೇಡಿ: ಗ್ರೀಸು ರಬ್ಬರನ್ನು ತಿನ್ನುತ್ತದೆ.

ಹಂತ 4. ಶಾಕಪ್ ತಲೆಯ ನಡುವಿನ ನಟ್ಟಿಗೆ ಪಾನಾ ಹಾಕಬೇಡಿ. ಅದರ ಕೆಳಗೆ ಸ್ಪ್ರಿಂಗ್ ಮುದುಡಿ ಕೂತಿದೆ; ಬಿಟ್ಟರೆ ದವಡೆಗೇ ಬರುತ್ತದೆ. ಇಡೀ ಜೋಡಣೆಯನ್ನು ಇಳಿಸಿ, ಸ್ಪ್ರಿಂಗ್ ಒತ್ತುವ ಸಾಧನವಿರುವ ಮೇಸ್ತ್ರಿಗೆ ಒಯ್ಯಿರಿ. ಸಲಹೆಗಾರರು ನಕ್ಕರೆ ನಗಲಿ, ನಿಮ್ಮ ಹಲ್ಲು ಉಳಿದಿರುತ್ತವೆ.

ಹಂತ 5. ಕಾರು ಗಾಳಿಯಲ್ಲಿರುವಾಗ ಬುಶ್ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಡಿ. ಬಿಗಿದು ಇಳಿಸಿದರೆ ಭಾರಕ್ಕೆ ಆರ್ಮ್ ಮೇಲೇರಿ, ಒಳಗಿನ ರಬ್ಬರು ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದೆ. ಗಾಲಿ ಹಾಕಿ ನೆಲಕ್ಕಿಳಿಸಿ, ಕಾರಿನ ಮೂತಿಯನ್ನು ನಾಲ್ಕು ಸಲ ಅದುಮಿಸಿ. ಸಲಹೆಗಾರರಿಂದ ಆಗುವ ಕೆಲಸ ಇದೊಂದೇ. ಇದನ್ನು ಅವರು ಮನಸಾರೆ ಮಾಡುತ್ತಾರೆ. ಆಮೇಲೆ ಬಿಗಿಮಾಡಿ, ಅಲೈನ್‌ಮೆಂಟ್ ಮಾಡಿಸಿ.

ತೊಂದರೆ ಮತ್ತು ಪರಿಹಾರ

ತೊಂದರೆ: ಹಳೆಯ ಸದ್ದು ಹೋಯಿತು, ಹೊಸದು ಬಂತು.
ಕಾರಣ: ಅದು ಮೊದಲೂ ಇತ್ತು, ದೊಡ್ಡದರ ಮರೆಯಲ್ಲಿತ್ತು.

ತೊಂದರೆ: ಯಾವ ಸದ್ದೂ ಇಲ್ಲ.
ಕಾರಣ: ಕೆಲಸ ಸರಿಯಾಗಿದೆ.
ಪರಿಹಾರ: ಬಾಯಿ ಬಿಡಬೇಡಿ. ನಾಳೆ ಬೆಳಿಗ್ಗೆ ಓಣಿಯ ಉಳಿದ ಕಾರುಗಳೆಲ್ಲ ನಿಮ್ಮ ಅಂಗಳದಲ್ಲಿರುತ್ತವೆ.