ಮೀಟಿಂಗಿನಲ್ಲಿ ಸಂಭಾವಿತ

ನಮ್ಮ ಮನೆಗಳಲ್ಲಿ ಮಾತಾಡದ ಮಗುವಿಗೆ ಇರುವಷ್ಟು ಮರ್ಯಾದೆ ಇನ್ಯಾರಿಗೂ ಇಲ್ಲ. ‘ಎಂಥಾ ಸಂಭಾವಿತ ಹುಡುಗ! ಇದ್ದಾನೋ ಇಲ್ವೋ ಗೊತ್ತೇ ಆಗಲ್ಲ’ ಎಂದು ನೆಂಟರು ಹೊಗಳುತ್ತಾರೆ. ಆ ಹುಡುಗ ದೊಡ್ಡವನಾಗಿ ಬೆಂಗಳೂರಿನ ಆಫೀಸು ಸೇರಿದ ಮೇಲೆ ಅಪ್ರೈಸಲ್‌ನಲ್ಲಿ ಮ್ಯಾನೇಜರೂ ಅದನ್ನೇ ಹೇಳುತ್ತಾರೆ: ‘ಮೀಟಿಂಗಲ್ಲಿ ನೀವು ಇದ್ದೀರೋ ಇಲ್ವೋ ಗೊತ್ತೇ ಆಗಲ್ಲ.’ ಬಾಲ್ಯವಿಡೀ ಗಳಿಸಿದ ಒಳ್ಳೇ ಹೆಸರು ಇನ್‌ಕ್ರಿಮೆಂಟ್ ಸಮೇತ ಹೊರಟುಹೋಗುತ್ತದೆ.

ನನಗೆ ಮಾತು ಬರುವುದಿಲ್ಲ ಎಂದಲ್ಲ, ತಡವಾಗಿ ಬರುತ್ತದೆ. ಏನಾದರೂ ಹೊಳೆದರೆ ಅದನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಯಾರಿಗೂ ನೋವಾಗದ ಹಾಗೆ ಕೊನೆಗೊಂದು ‘ಅನ್ಸುತ್ತೆ’ ಸೇರಿಸಿ, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚರ್ಚೆ ಪ್ರಾಜೆಕ್ಟ್ ಬಿಟ್ಟು ಟೀಮ್ ಲಂಚಿಗೆ ಬಂದಿರುತ್ತದೆ. ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದೂ ಉಂಟು. ಅವರು ಅದನ್ನೇ ಮೇಜು ಕುಟ್ಟಿ ಹೇಳಿ ‘ಗುಡ್ ಪಾಯಿಂಟ್’ ಅನ್ನಿಸಿಕೊಂಡರು. ನಾನೂ ತಲೆದೂಗಿದೆ, ಪಾಯಿಂಟು ನಿಜಕ್ಕೂ ಚೆನ್ನಾಗಿತ್ತು.

ಕೊರೋನಾ ಕಾಲದ ಆನ್‌ಲೈನ್ ಮೀಟಿಂಗುಗಳು ನನ್ನ ಪಾಲಿನ ಸುವರ್ಣಯುಗ. ನಾನು ಸುಮ್ಮನೆ ಕೂತಿದ್ದರೂ ‘ಸರ್, ಮ್ಯೂಟಲ್ಲಿದ್ದೀರಿ’ ಎಂದು ಎಲ್ಲರೂ ಕನಿಕರಪಡುತ್ತಿದ್ದರು. ಏನೋ ಘನವಾದದ್ದನ್ನೇ ಹೇಳುತ್ತಿದ್ದಿರಬೇಕು ಎಂಬ ಗುಮಾನಿ!

ಭೌತವಿಜ್ಞಾನಿ ಪಾಲ್ ಡಿರಾಕ್ ಎಷ್ಟು ಮಿತಭಾಷಿಯೆಂದರೆ, ಕೇಂಬ್ರಿಜ್‌ನ ಸಹೋದ್ಯೋಗಿಗಳು ತಮಾಷೆಗೆ ‘ಡಿರಾಕ್’ ಎಂಬ ಅಳತೆಯನ್ನೇ ಮಾಡಿಕೊಂಡಿದ್ದರು: ಗಂಟೆಗೆ ಒಂದು ಪದ. ಅವರಿಗೆ 1933ರಲ್ಲಿ ನೊಬೆಲ್ ಬಂತು. ನಮ್ಮ ಕಡೆ ಕೆಲಸಕ್ಕಿದ್ದಿದ್ದರೆ ‘ಕಮ್ಯುನಿಕೇಶನ್ ಸ್ಕಿಲ್ಸ್’ ತರಬೇತಿಗೆ ಕಳಿಸುತ್ತಿದ್ದರು.

ಇಷ್ಟು ಹೇಳಿ ಡಿರಾಕ್ ಹೆಗಲ ಮೇಲೆ ಕೈಹಾಕಿಕೊಂಡು ನಿಲ್ಲಬಹುದಿತ್ತು. ಆದರೆ ಆ ಮಹಾಶಯರು ತಮಗೆ ಹೊಳೆದ ಭೌತವಿಜ್ಞಾನದ ಸಮೀಕರಣವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕೂರಲಿಲ್ಲ. 1928ರಲ್ಲಿ ಬರೆದು ಅಚ್ಚು ಹಾಕಿಸಿದರು. ನಮ್ಮಂಥವರು ಜಾಣತನದಿಂದ ಮರೆಯುವ ಸಂಗತಿ ಇದು. ಸುಮ್ಮನಿದ್ದದ್ದೆಲ್ಲ ಚಿಂತನೆಯೂ ಅಲ್ಲ. ಎಷ್ಟೋ ಸಲ ಒಳಗೆ ನಡೆಯುತ್ತಿರುವುದು ಮಧ್ಯಾಹ್ನದ ಬಿಸಿಬೇಳೆಬಾತಿನ ಧ್ಯಾನ. ಇನ್ನು, ಕೆಲಸ ಕೆಟ್ಟ ಮೇಲೆ ‘ಇದು ಹೀಗೇ ಆಗುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು’ ಎಂದು ಮನೆಗೆ ಬಂದು ಗುಡುಗುವುದರಲ್ಲಿ ನಾವು ನಿಸ್ಸೀಮರು. ‘ಅಲ್ಲೇ ಹೇಳೋಕೆ ಏನಾಗಿತ್ತು ರೀ? ನನಗೆ ಹೇಳಿದ್ರೆ ನಾನೇನು ಸಂಬಳ ಜಾಸ್ತಿ ಮಾಡ್ತೀನಾ?’ ಎನ್ನುತ್ತಾಳೆ ಹೆಂಡತಿ. ಉತ್ತರ ಮರುದಿನ ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯುತ್ತದೆ.

ಹಾಗಂತ ತಪ್ಪೆಲ್ಲ ನಮ್ಮದೇ ಅಲ್ಲ, ಮೀಟಿಂಗು ನಡೆಸುವ ರೀತಿಯದೂ ಇದೆ. ಅಮೆಜಾನಿನ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟನ್ನು ಓಡಿಸಿದರು. ಅದರ ಬದಲು ಆರು ಪುಟದವರೆಗಿನ ಟಿಪ್ಪಣಿ. ಎಲ್ಲರೂ ಕೂತು ತುಟಿಪಿಟಕ್ಕೆನ್ನದೆ ಓದಬೇಕು, ಮಾತು ಆಮೇಲೆ. ಸಂಬಳ ಕೊಟ್ಟು ಸುಮ್ಮನೆ ಕೂರಿಸುವ ಮೀಟಿಂಗು! ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ನಮ್ಮ ಮ್ಯಾನೇಜರುಗಳಿಂದ ಅಷ್ಟು ದೊಡ್ಡ ಕ್ರಾಂತಿ ಕೇಳುವುದಿಲ್ಲ. ಮೀಟಿಂಗಿನ ವಿಷಯವನ್ನು ಹಿಂದಿನ ದಿನ ಸಂಜೆಯೇ ಕಳಿಸಿ, ಸ್ವಾಮಿ. ರಾತ್ರಿಯೆಲ್ಲ ತಿದ್ದಿಕೊಂಡು ಬರುತ್ತೇವೆ. ಬಂದ ಮೇಲೆ ‘ನೀವೇನಂತೀರಿ?’ ಎಂದು ಹೆಸರು ಹಿಡಿದು ಕೇಳಿ. ಕೇಳಿದ ತಕ್ಷಣ ಪಕ್ಕದವರ ಕಡೆ ತಿರುಗಬೇಡಿ. ಒಂದು ಕಾಫಿ ತರಿಸಿಕೊಂಡು ಕಾಯಿರಿ, ಖಂಡಿತ ಹೇಳುತ್ತೇವೆ.