ತೈಲಸ್ರಾವ ಮೀಮಾಂಸೆ: ಟೈಮಿಂಗ್ ಬೆಲ್ಟಿನ ಜಿಡ್ಡು ಕುರಿತು ಒಂದು ಶಾಸ್ತ್ರವಿಚಾರ

ಗ್ರಂಥಾರಂಭದಲ್ಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯವೆಂದರೆ ಟೈಮಿಂಗ್ ಬೆಲ್ಟಿನ ಮೇಲೆ ಜಿನುಗುವ ಎಂಜಿನ್ ಆಯಿಲ್. ಅಧಿಕಾರಿಯೆಂದರೆ ಹಳೇ ಕಾರಿನ ಒಡೆಯ. ಸಂಬಂಧವೆಂದರೆ ಅವನಿಗೂ ಗ್ಯಾರೇಜಿಗೂ ಇರುವ ಬಿಡಿಸಲಾಗದ ನಂಟು. ಪ್ರಯೋಜನವೆಂದರೆ ಮುಂದೆ ಬರಲಿರುವ ದೊಡ್ಡ ಬಿಲ್ಲಿನಿಂದ ಮುಕ್ತಿ.

ಪ್ರಕರಣ 1: ಸ್ವರೂಪ ನಿರ್ಣಯ

ಕೆಳಗಿನ ಕ್ರ್ಯಾಂಕು ಎರಡು ಸುತ್ತು ಬರುವಷ್ಟರಲ್ಲಿ ಮೇಲಿನ ಕ್ಯಾಮು ಒಂದೇ ಸುತ್ತು ಬರಬೇಕು. ಎರಡನ್ನೂ ಒಂದನ್ನೂ ಹೀಗೆ ಹೊಂದಿಸಲು ಆಚಾರ್ಯರು ಶತಮಾನಗಟ್ಟಲೆ ವಾದ ಮಾಡಿದರು. ಎಂಜಿನ್ನಿನೊಳಗೆ ಹಲ್ಲಿರುವ ಒಂದು ರಬ್ಬರ್ ಪಟ್ಟಿ ಅದನ್ನು ಮಾತಿಲ್ಲದೆ ಸಾಧಿಸಿದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುವುದು ಈ ಪಟ್ಟಿಯ ಪ್ರಸಾದದಿಂದಲೇ.

ಪುರಾತನರ ಚೈನು ಎಣ್ಣೆಯಲ್ಲೇ ಮಿಂದು ಬಾಳುತ್ತಿತ್ತು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ 1004 ಕಾರು ರಬ್ಬರ್ ಪಂಥಕ್ಕೆ ದಾರಿ ತೋರಿತು. 1983ರಲ್ಲಿ ಬಂದ ಮಾರುತಿ 800 ಅದನ್ನು ನಮ್ಮ ಮನೆಬಾಗಿಲಿಗೇ ತಂದಿತು. ಈ ಪಂಥದ ಮುಖ್ಯ ಆಚಾರ ಮಡಿ: ಎಣ್ಣೆ ಸೋಕಿದರೆ ಮೈಲಿಗೆ. ಫೋರ್ಡಿನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಬೆಲ್ಟನ್ನೇ ಎಣ್ಣೆಯೊಳಗೆ ಓಡಿಸಿದ ಬಂಡಾಯಗಾರರೂ ಇದ್ದಾರೆ. ಅವರ ಬೆಲ್ಟೂ ಬೇರೆ, ಆಯಿಲೂ ಬೇರೆ. ಆ ಶಾಖೆಯ ವಿಚಾರ ಇಲ್ಲಿ ಅಪ್ರಸ್ತುತ.

ಪ್ರಕರಣ 2: ಪೂರ್ವಪಕ್ಷ

ಒರಸುವಾದಿಗಳ ಪ್ರಕಾರ ಕಾಣದ ಎಣ್ಣೆ ಇಲ್ಲದ ಎಣ್ಣೆ. ಆದ್ದರಿಂದ ಬನಿಯನ್ ವೇಸ್ಟೇ ಪರಮ ಸಾಧನ. ಇದು ಸಲ್ಲದು. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಹನಿ ಪುನರ್ಜನ್ಮ ಪಡೆದಿರುತ್ತದೆ.

ತುಂಬುವಾದಿಗಳು, "ಸೋರುತ್ತಿದೆ ಎಂದರೆ ಒಳಗೆ ಆಯಿಲ್ ಇದೆ ಎಂದಾಯಿತಲ್ಲ!" ಎಂದು ಸಮಾಧಾನಪಟ್ಟು ಅರ್ಧ ಲೀಟರ್ ಸುರಿಯುತ್ತಾರೆ. ಇವರು ಎಂಜಿನ್ನಿನ ಹೊಟ್ಟೆ ತುಂಬಿಸಿದರೇ ಹೊರತು ಬೆಲ್ಟಿನ ಮೈಲಿಗೆ ಕಳೆಯಲಿಲ್ಲ.

ರಟ್ಟುವಾದಿಗಳದು ಇನ್ನೂ ಸೂಕ್ಷ್ಮ ದರ್ಶನ. ಕಾರಿನಡಿ ಟಿವಿ ಬಂದ ರಟ್ಟಿನ ಪೆಟ್ಟಿಗೆ ಹಾಸಿದರೆ ಅಂಗಳದ ಮಟ್ಟಿಗೆ ಸೋರಿಕೆ ನಿಂತಂತೆಯೇ. ಮನೆಯಾಕೆಯ ಕೋಪಕ್ಕೆ ಇದು ಮದ್ದು, ಕಾರಿಗಲ್ಲ.

ಪ್ರಕರಣ 3: ಪ್ರಮಾಣ ವಿಚಾರ

ಪ್ರತ್ಯಕ್ಷವನ್ನು ನಂಬಲಾಗದು: ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ, ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಅನುಮಾನವೂ ತೊಡಕಿನದು. ಹೊಗೆ ಕಂಡರೆ ಬೆಂಕಿ ಇದ್ದೇ ಇದೆ ಎಂದು ನೈಯಾಯಿಕರು ಸಾಧಿಸಿದ್ದು ಬೆಟ್ಟವನ್ನು ನೋಡಿ. ಬಾನೆಟ್ ಎತ್ತಿದ್ದರೆ, ಕಾದ ಎಕ್ಸಾಸ್ಟಿನ ಮೇಲೆ ಹನಿ ಬಿದ್ದಾಗ ಬೆಂಕಿಯಿಲ್ಲದೆಯೂ ಹೊಗೆಯೇಳುವುದು ಅವರಿಗೆ ಕಾಣುತ್ತಿತ್ತು. ಉಳಿದದ್ದು ಶಬ್ದಪ್ರಮಾಣ, ಅಂದರೆ ಮೆಕ್ಯಾನಿಕ್ಕಿನ ವಾಕ್ಯ: "ಹೆಡ್ ಇಳಿಸ್ಬೇಕು ಸಾರ್."

ಈ ಮಹಾವಾಕ್ಯಕ್ಕೆ ತಲೆಬಾಗುವ ಮುನ್ನ ಎಂಜಿನ್ನಿನ ಹೊರಮೈಯ ಜಿಡ್ಡು ತೆಗೆಸಿ, ಚೆನ್ನಾಗಿ ಒಣಗಿಸಿ, ಸ್ವಲ್ಪ ಹೊತ್ತು ಓಡಿಸಿ, ಎಂಜಿನ್ ಆರಿಸಿ, ಟಾರ್ಚು ಹಿಡಿದು ಮೇಲಿನಿಂದ ಕೆಳಕ್ಕೆ ನೋಡತಕ್ಕದ್ದು. ಮೊದಲು ಟ್ಯಾಪೆಟ್ ಕವರಿನ ಪ್ಯಾಕಿಂಗ್, ಆಮೇಲೆ ಕ್ಯಾಮಿನ ಆಯಿಲ್ ಸೀಲ್, ಕೊನೆಗೆ ಕ್ರ್ಯಾಂಕಿನ ಸೀಲ್. ಅತಿ ಮೇಲಿನ ಒದ್ದೆಯೇ ಮೂಲ. ಮಿಕ್ಕಿದ್ದೆಲ್ಲ ಅದರ ಸಂತಾನ.

ಪ್ರಕರಣ 4: ಸಿದ್ಧಾಂತ

ಸಕಲ ಅನರ್ಥಕ್ಕೂ ಕಾರಣವಾದ ಆಯಿಲ್ ಸೀಲ್ ನೋಡಲು ಬರೀ ಒಂದು ರಬ್ಬರ್ ಬಳೆ. ಒಳಗೆ ತೆಳ್ಳನೆಯ ತುಟಿ, ಅದರ ಬೆನ್ನಿಗೆ ಕೂದಲೆಳೆಯ ಸ್ಪ್ರಿಂಗು. ವರ್ಷಗಳ ಕಾವಿಗೆ ತುಟಿ ಗಟ್ಟಿಯಾಗಿ ಬಿರಿದರೆ ಎಣ್ಣೆಗೆ ದಾರಿ ಸಿಕ್ಕಿತು. ಹೊಸದನ್ನು ಕೂರಿಸುವಾಗ ಸ್ಪ್ರಿಂಗಿನ ಮಗ್ಗುಲು ಒಳಕ್ಕಿರಬೇಕು; ತುಟಿಗೆ ಎಣ್ಣೆ ಸವರಿರಬೇಕು; ಸುತ್ತಲೂ ಸಮನಾಗಿ ತಟ್ಟಬೇಕು. ಶಾಫ್ಟಿನ ಮೇಲೆ ಉಗುರಾಡಿಸಿ ನೋಡುವುದು ವಿಹಿತ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೊಸ ಸೀಲೂ ಸೋರುತ್ತದೆ. ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ ಹಾಗೆಯೇ: ಒಳಗಿನ ಒತ್ತಡ ಹೊರಬರಲು ಸೀಲನ್ನೇ ಹಿಡಿಯುತ್ತದೆ.

ಇನ್ನು ಎಣ್ಣೆ ಕುಡಿದ ಬೆಲ್ಟು. ಅದನ್ನು ಪೆಟ್ರೋಲಿನಲ್ಲಿ ತೊಳೆದು ಶುದ್ಧಿ ಮಾಡಬಹುದೆಂಬ ಪಂಡಿತರಿಗೆ ರಬ್ಬರಿನ ಗುಣ ತಿಳಿಯದು. ಪೆಟ್ರೋಲೂ ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಹಲ್ಲು ಜಾರಿದರೆ ಟೈಮಿಂಗ್ ಕೆಟ್ಟಿತು. ಬೆಲ್ಟು ಹರಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೆದ್ದು ವಾಲ್ವುಗಳನ್ನು ಬಗ್ಗಿಸುತ್ತದೆ. ಮೆಕ್ಯಾನಿಕ್ಕಿನ ಮಹಾವಾಕ್ಯ ಆಗ ತಾನಾಗಿಯೇ ನಿಜವಾಗುತ್ತದೆ.

ಆದಕಾರಣ ನಿರ್ಣಯ ಹೀಗೆ: ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಜಿಡ್ಡು ಒರಸಿ, ಬೆಲ್ಟನ್ನು ಒರಸದೆ ಬದಲಿಸಿ. ಕವರ್ ಬಿಚ್ಚಿದ ಮೇಲೆ ಟೆನ್ಷನರ್ ಬೇರಿಂಗನ್ನೂ ಅದರ ಜೊತೆಯಲ್ಲೇ ಹಾಕಿಸಿಬಿಡಿ. ಎರಡನೇ ಸಲ ಬಿಚ್ಚಲು ಕೂಲಿ ಬೇರೆ.